ಹನ್ನೆರಡು ಜನರ ಪಂಚ್

ಒಬ್ಬನೇ ಕೂತು ಮಾಡಬಾರದ ಕೆಲಸಗಳಲ್ಲಿ ಪಂಚ್ ಮಾಡುವುದೂ ಒಂದು ಎಂದು ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಮೆಹದಿಪಟ್ಟಣಂನ ಬಾಡಿಗೆ ಮನೆಯಲ್ಲಿ. ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರ್ ಕಲಿಯಲು ಹೊರಟಿದ್ದ ಕಾಲ. ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೈಪಿಡಿ ಬರೆದುಕೊಡುವ ಕೆಲಸ ಹಿಡಿದು ಹುಬ್ಬಳ್ಳಿಯಿಂದ ಬಂದಿದ್ದೆ. ನನ್ನ ಕೈಪಿಡಿಗಳನ್ನು ಯಾರೂ ಓದುವುದಿಲ್ಲ. ಆ ಸಿಟ್ಟಿಗೋ ಏನೋ, ಬೇರೆಯವರು ಬರೆದದ್ದನ್ನು ಅಕ್ಷರ ಬಿಡದೆ ಪಾಲಿಸುವುದು ನನ್ನ ಚಟ.

ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಸಂತೆಯಲ್ಲಿ ಸಿಕ್ಕ ಹಳೆಯ ಅಡುಗೆ ಪುಸ್ತಕದಲ್ಲಿ ಪಂಚ್ ಎಂಬ ಪಾನೀಯ ಮಾಡುವ ಬಗೆ ಇತ್ತು. ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ, ಇವಿಷ್ಟೇ ಐದು ಸಾಮಾನು. ನಮ್ಮ ಪಂಚವೇ ಹಡಗು ಹತ್ತಿ ಪಂಚ್ ಆಯಿತು ಎನ್ನುವವರಿದ್ದಾರೆ. ಕಬ್ಬಿನ ಸಾರಾಯಿಗೆ ರುಚಿ ಗಾಢ, ಅಕ್ಕಿಯದಕ್ಕೆ ಘಮ ಹೆಚ್ಚು, ಎರಡೂ ಕೂಡಿದರೆ ಉತ್ತಮ ಎಂದು ಪುಸ್ತಕದ ಉಪದೇಶ. ಇಲ್ಲಿ ಸರಕಾರ ಸಾರಾಯಿ ಬಂದ್ ಮಾಡಿತ್ತು. ಕಬ್ಬಿನ ಕೂಸೇ ತಾನೇ ಎಂದು ರಮ್ ತಂದೆ. ತೊಡಕಾದದ್ದು ಅಳತೆಯಲ್ಲಿ. ಎಲ್ಲವೂ ಹನ್ನೆರಡು ಜನರಿಗೆ. ಒಂದು ಜಾಜಿಕಾಯಿಯನ್ನು ಹನ್ನೆರಡು ಪಾಲು ಮಾಡಲು ಹೋಗಿ ಬೆರಳು ಕೊಯ್ದುಕೊಂಡೆ.

ಹೆಂಡತಿ ಇದ್ದಿದ್ದರೆ ಮೊದಲು ನಕ್ಕು, ಆಮೇಲೆ ಅರಿಸಿನ ಹಚ್ಚುತ್ತಿದ್ದಳು. ಅವಳು ಹೋಗಿ ಎರಡು ವರ್ಷ. ಅಂಥವಳೊಬ್ಬಳು ಇದ್ದಳೆಂದು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಒಂಟಿತನವೆಂದರೆ ಅದೇ ಆಗಿತ್ತು.

ಬೇಸರಕ್ಕೆ ಹನ್ನೆರಡು ಜನರದ್ದನ್ನೇ ದೊಡ್ಡ ಪಾತೇಲಿಯಲ್ಲಿ ಕಲಸಿದೆ. ರಮ್ ಸುರಿಯುವ ಮೊದಲು, ಕರೆಯಬಹುದಾಗಿದ್ದ ಒಬ್ಬನೇ ಒಬ್ಬನನ್ನು ಕರೆದೆ. ಕೆಳಗಿನ ಕೋಣೆಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ, ಕಲಬುರಗಿ ಕಡೆಯ ಶರಣಪ್ಪ. ಅವನು ಪಾತೇಲಿ ನೋಡಿದ, ಬಾಟಲಿ ನೋಡಿದ.

“ನಮ್ಮ ಆಯಿ ಬೆಲ್ಲ, ಜಾಲಿ ತೊಗಟಿ ಹಾಕಿ ಭಟ್ಟಿ ಇಳಸ್ತಿದ್ಳರಿ. ಒಬ್ಬರ ಸಲುವಾಗಿ ಎಂದೂ ಒಲಿ ಹಚ್ಚಲಿಲ್ಲ. ನಾ ಈಗ ಕುಡ್ಯಂಗಿಲ್ರಿ, ಬಿಟ್ಟು ಮೂರು ವರ್ಷ ಆತು.”

ಬಾಟಲಿಯ ಮುಚ್ಚಳ ತೆರೆಯಲಿಲ್ಲ. ಐದರಲ್ಲಿ ಅದೊಂದನ್ನು ತೆಗೆದರೆ ಉಳಿಯುವುದು ನಮ್ಮ ಪಾನಕ. ಅಷ್ಟೆಲ್ಲ ಓದಿ ನಾನು ತಲುಪಿದ್ದು ಅಲ್ಲಿಗೆ.

ಲೋಟ ಕೊಟ್ಟೆ. ಅವನು ಬೆರಳದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸಿ, ತೀರಿಹೋದ ಆಯಿಯ, ಅವನ ಅಜ್ಜಿಯ, ಹೆಸರು ಹೇಳಿದ. ಸಾರಾಯಿಗೆ ಸರಿ, ಪಾನಕಕ್ಕೂ ಇದು ಉಂಟೇ ಎಂದೆ.

“ಕುಡ್ಯೂದು ಬಿಟ್ಟೀನ್ರಿ, ಹೋದವ್ರಿಗೆ ಕೊಡೂದು ಬಿಟ್ಟಿಲ್ಲ. ನಿಮ್ಮವ್ರು ಯಾರರೆ ಇದ್ರ ಹೆಸರು ಹೇಳ್ರಿ.”

ಕೊಯ್ದ ಬೆರಳನ್ನೇ ಅದ್ದಿದೆ. ನಿಂಬೆ ಹುಳಿ ತಾಕಿ ಚುರ್ರೆಂದಿತು. “ಸುಶೀಲಾ,” ಎಂದೆ. ಎರಡು ವರ್ಷದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ.

“ಸುಶೀಲಾಬಾಯಿಯವ್ರು,” ಎಂದು ಶರಣಪ್ಪ ತಾನೂ ಒಮ್ಮೆ ಹೇಳಿ ಲೋಟ ಎತ್ತಿದ. ಈ ಊರಿನಲ್ಲಿ ಅವಳನ್ನು ಬಲ್ಲವರು ಇಬ್ಬರಾದೆವು. ಪುಸ್ತಕದ ಅಳತೆಗೆ ಇನ್ನು ಹತ್ತೇ ಜನ ಕಡಿಮೆ.