ನಲವತ್ತು ಸಾವಿರ ಹುಳ ಮತ್ತು ನನ್ನ ಕಾಲ್ಗುಣ

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೂ ನಾನು ಕೊಲೆಗಾತಿಯಾಗಿದ್ದೆ.

ಗಾಬರಿಯಾಗಬೇಡಿ. ಸತ್ತಿದ್ದು ರೇಷ್ಮೆ ಹುಳ. ಸುಮಾರು ನಲವತ್ತು ಸಾವಿರ. ಆಗ ನನ್ನ ವಯಸ್ಸು ಮೂರು ದಿನ.

ಹಳೆಯ ಓದುಗರಿಗೆ ಈ ಕಥೆ ಗೊತ್ತು. (ಇದೇ ಅಂಕಣದಲ್ಲಿ ಎರಡು ಸಲ ಹೇಳಿ ನಿಮ್ಮ ಅನುಕಂಪ ಗಿಟ್ಟಿಸಿದ್ದೇನೆ.) ಹೊಸಬರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಅಮ್ಮನ ತವರು ದಿಬ್ಬೂರಹಳ್ಳಿಯಲ್ಲಿ. ತಾತ ಹುಳ ಸಾಕುತ್ತಿದ್ದರು. ಆಗ ಹುಳಕ್ಕೆ ಅಂತ ಬೇರೆ ಮನೆ ಎಲ್ಲಿತ್ತು? ಮನೆಯ ಒಳ್ಳೆಯ ಜಾಗವೆಲ್ಲ ಹುಳಕ್ಕೆ, ಉಳಿದ ಮೂಲೆ ಮನುಷ್ಯರಿಗೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಹುಳಗಳು ಬೀಗರೂಟಕ್ಕೆ ಬಂದವರ ಹಾಗೆ ಸೊಪ್ಪು ತಿನ್ನುತ್ತಿದ್ದವು. ಇನ್ನೊಂದು ವಾರ ಕಳೆದರೆ ಗೂಡು. ಅಷ್ಟರಲ್ಲಿ ನಾನು ಹುಟ್ಟಿದೆ. ಮೂರು ದಿನ ಕಳೆದು ಬೆಳಗಾಗುವಷ್ಟರಲ್ಲಿ ಇಡೀ ಬೆಳೆ ಬಿದಿರು ತಟ್ಟೆಗಳಲ್ಲೇ ಸತ್ತುಬಿದ್ದಿತ್ತು.

ತಾತ ಒಂದೇ ಮಾತು ಅಂದರಂತೆ. "ಮಗೀನ ಕಾಲ್ಗುಣ."

ನೆಲಕ್ಕೆ ಕಾಲೇ ಊರದ ಮಗುವಿಗೆ ಕಾಲ್ಗುಣ ಎಲ್ಲಿಂದ ಬಂತು? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಲವತ್ತು ಚಿಲ್ಲರೆ ವರ್ಷ ಆ ಮಾತನ್ನು ಆಧಾರ್ ಕಾರ್ಡಿನ ಹಾಗೆ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ.

ಮದುವೆಯಾಗಿ ಚಿಕ್ಕಬಳ್ಳಾಪುರದ ಗಂಡನ ಮನೆಯ ಹೊಸ್ತಿಲ ಮೇಲೆ ಅಕ್ಕಿ ಸೇರು ಒದ್ದು ಒಳಗೆ ಬಂದ ದಿನವೇ ನೀರಿನ ಮೋಟಾರ್ ಸುಟ್ಟಿತು. ಲೈನ್‌ಮನ್ ಬಂದು ನೋಡಿ ವೋಲ್ಟೇಜ್ ಪ್ರಾಬ್ಲಂ ಅಂದ. ಅದು ವೋಲ್ಟೇಜ್ ಅಲ್ಲ, ನಾನು ಅಂತ ನನಗೊಬ್ಬಳಿಗೇ ಗೊತ್ತಿತ್ತು. ಅಂದಿನಿಂದ ಯಾರ ಗೃಹಪ್ರವೇಶಕ್ಕೆ ಹೋದರೂ ಹಸು, ಪುರೋಹಿತರು, ಅಡುಗೆಯವರು ಎಲ್ಲ ಒಳಗೆ ಹೋದ ಮೇಲೆ ಕಾಲಿಡುತ್ತಿದ್ದೆ. ಇಂಡಿಯಾ ಮ್ಯಾಚಿನ ಕೊನೇ ಓವರನ್ನು ಬಚ್ಚಲುಮನೆಯಲ್ಲಿ ನಿಂತು ಕೇಳಿದ್ದೇನೆ, ದೇಶದ ಹಿತದೃಷ್ಟಿಯಿಂದ. ಒಳ್ಳೆಯದಾದರೆ ದೇವರು ಮಾಡಿದ್ದು, ಕೆಟ್ಟದಾದರೆ ನಾನು ಮಾಡಿದ್ದು. ಎಷ್ಟು ಸಲೀಸಾದ ಲೆಕ್ಕ ನೋಡಿ.

ವರ್ಷಕ್ಕೊಮ್ಮೆ ವಿದುರಾಶ್ವತ್ಥಕ್ಕೆ ಹೋಗುತ್ತೇನೆ. ನಾಗರಕಲ್ಲಿಗೆ ಹಾಲೆರೆದು, ಪ್ರದಕ್ಷಿಣೆ ಹಾಕಿ ಒಂದೇ ಬೇಡಿಕೆ ಇಡುತ್ತಿದ್ದೆ. ಸ್ವಾಮಿ, ಈ ಕಾಲ್ಗುಣ ಒಂದು ರಿಪೇರಿ ಮಾಡಿಕೊಡಪ್ಪ. ದೇವರು ಒಂದು ಸಲವೂ ಕಮಕ್ ಕಿಮಕ್ ಅನ್ನಲಿಲ್ಲ. ನನ್ನ ಭಕ್ತಿಯಲ್ಲೇ ಏನೋ ಕಮ್ಮಿ ಅಂದುಕೊಂಡು ಮುಂದಿನ ವರ್ಷ ಒಂದು ಲೀಟರ್ ಹಾಲು ಜಾಸ್ತಿ ಮಾಡುತ್ತಿದ್ದೆ.

ರೀಲ್ಸ್‌ನಲ್ಲಿ ಒಬ್ಬ ಪುಣ್ಯಾತ್ಮ "ನಿಮ್ಮ ಬದುಕಿನ ಕಥೆಯನ್ನ ನೀವೇ ಹೊಸದಾಗಿ ಬರೀರಿ" ಅಂತಾನೆ. ದಿನಾ ಕನ್ನಡಿ ಮುಂದೆ ನಿಂತು "ನಾನು ಲಕ್ಕಿ" ಅಂತ ಹನ್ನೊಂದು ಸಲ ಹೇಳಬೇಕಂತೆ. ಹೇಳಿದೆ. ಮೂರನೇ ದಿನ ಕನ್ನಡಿಯ ಮೊಳೆ ಕಿತ್ತುಕೊಂಡು ಬಂತು.

ಈಗ ಗುರುವಾರಕ್ಕೆ ಬರೋಣ. ದಿಬ್ಬೂರಹಳ್ಳಿಯಲ್ಲಿ ಸೋದರಮಾವನ ಮಗ ಮತ್ತು ಅವನ ಹೆಂಡತಿ ಚೈತ್ರ ಹೊಸ ಹುಳದ ಮನೆ ಕಟ್ಟಿದ್ದಾರೆ. ಅವತ್ತು ಮೊದಲ ಬೆಳೆ ಶುರು. ಎರಡು ಜ್ವರ ಮುಗಿಸಿದ ಚಾಕಿ ಮರಿಹುಳದ ಟ್ರೇಗಳು ಗಾಡಿಯಲ್ಲಿ ಬಂದು ಇಳಿದಿದ್ದವು. ನಾನು, ಅಮ್ಮ, ಅಮ್ಮನ ತಂಗಿ ಸುನಂದ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದೆವು. ಮೊದಲನೇ ಟ್ರೇಯನ್ನು ಮನೆಯ ಹೆಣ್ಣುಮಗಳೇ ಒಳಗೆ ತರಬೇಕಂತೆ. ಚೈತ್ರ ಸೀದಾ ನನ್ನ ಕಡೆ ಬಂದಳು.

"ನಂಗ್ ಬ್ಯಾಡಮ್ಮ. ಚಿಕ್ಕಮ್ಮನ ಕೈಲಿ ಕೊಡು," ಅಂದೆ. "ನನ್ ಕಾಲ್ಗುಣ ನಿಂಗೂ ಗೊತ್ತಲ್ಲ."

"ಕಾಲ್ಗುಣ ಆಮೇಲೆ ನೋಡಣ ಅಕ್ಕ. ಮೊದ್ಲು ಮಲ್ಲಿಗೆ ತೆಗೀರಿ. ಮುಖದ ಪೌಡರ್ ತೊಳ್ಕೊಳ್ಳಿ." ಚೈತ್ರ ಬಸ್ ಕಂಡಕ್ಟರ್ ಧಾಟಿಯಲ್ಲಿ ರೂಲ್ಸ್ ಒಪ್ಪಿಸತೊಡಗಿದಳು. "ಒಳಗೆ ಸೆಂಟ್ ಹಾಕ್ಕೊಂಡು ಬರಂಗಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಲಿ ಬರಂಗಿಲ್ಲ. ಸುತ್ತಮುತ್ತ ಎಲ್ಲೂ ಸೊಳ್ಳೆಬತ್ತಿ ಹಚ್ಚಂಗಿಲ್ಲ. ಅದರ ಹೊಗೆ ತಗುಲಿದ್ರೆ ಬೆಳಗಾಗೋದ್ರಲ್ಲಿ ಇಡೀ ಬೆಳೆ ಖಲಾಸ್."

ಆರತಿ ತಟ್ಟೆ ಹಿಡಿದಿದ್ದ ಚಿಕ್ಕಮ್ಮನ ಕೈ ನಿಂತಿತು. "ಸೊಳ್ಳೆಬತ್ತಿಗಾ? ಆ ಹಸ್ರು ಸುರುಳಿ ಇರುತ್ತಲ್ಲ, ಅದಕ್ಕಾ?"

"ಹೂಂ ಅತ್ತೆ, ಅದೇ. ನಮ್ಗೆ ಟ್ರೈನಿಂಗ್‌ನಲ್ಲಿ ಹೇಳಿದ್ರು."

ಚಿಕ್ಕಮ್ಮ ತಟ್ಟೆ ಸಮೇತ ಸೊಪ್ಪಿನ ಹೊರೆಯ ಮೇಲೆ ಕೂತುಬಿಟ್ಟರು. "ಅಯ್ಯೋ ದೇವುಡಾ," ಅಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಹಂಗಾದ್ರೆ ಅದು ನಾನೇ ಕಣೇ."

ಹುಳ ಸತ್ತ ಹಿಂದಿನ ಸಂಜೆ ಬಾಣಂತಿ ಕೋಣೆಯಲ್ಲಿ ನನ್ನ ಪಕ್ಕ ಸೊಳ್ಳೆಬತ್ತಿ ಹಚ್ಚಿಟ್ಟಿದ್ದು ಇಪ್ಪತ್ತು ವರ್ಷದ ಸುನಂದ ಚಿಕ್ಕಮ್ಮ. ಹುಳವಿದ್ದದ್ದು ಗೋಡೆಯ ಆಚೆ. ಬೆಳಿಗ್ಗೆಯೇ ಅವರಿಗೆ ಅನುಮಾನ ಬಂದಿತ್ತಂತೆ.

"ಮತ್ತೆ ಯಾಕೇ ಬಾಯಿ ಬಿಡಲಿಲ್ಲ?" ಅಮ್ಮ ಕೇಳಿದಳು.

"ಬತ್ತಿ ಎಲ್ಲಿಂದ ಬಂತು ಅಂತ ಅಪ್ಪ ಕೇಳಲ್ವಾ?"

"ಎಲ್ಲಿಂದ ಬಂತು?"

ಅರವತ್ತು ದಾಟಿದ ಚಿಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. "ನಮ್ಮನೆಯವ್ರು ತಂದ್ಕೊಟ್ಟಿದ್ದು. ಶಿಡ್ಲಘಟ್ಟ ಬಸ್ ಸ್ಟಾಂಡಲ್ಲಿ. ನಿಶ್ಚಿತಾರ್ಥ ಆಗಿತ್ತಲ್ಲ, ಮದುವೆಗೆ ಮುಂಚೆ ನೋಡಂಗಿಲ್ಲ ಅಂತ ಅಪ್ಪ ಕಟ್ಟಪ್ಪಣೆ ಮಾಡಿದ್ರು."

"ಹುಡುಗೀಗೆ ಹೂವ ತಂದ್ಕೊಡೋ ಕಾಲದಲ್ಲಿ ಸೊಳ್ಳೆಬತ್ತಿ ತಂದ್ಕೊಟ್ಟನಾ?"

"ಅಕ್ಕನ ಮಗೂಗೆ ಸೊಳ್ಳೆ ಕಚ್ತಾವೆ ಅಂದಿದ್ದೆ. ಮಾತು ಕೇಳಿಸ್ಕೊಳ್ಳೋ ಗಂಡಸು ಕಣಕ್ಕ."

ಅಲ್ಲಿಗೆ ಚೈತ್ರ ಗೋಡೆಗೆ ಒರಗಿ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. "ಅದಕ್ಕೆ ನನ್ ತಲೆಗೆ ಕಟ್ಟಿದ್ರಾ ಚಿಕ್ಕಮ್ಮ?"

"ಕಟ್ಟಿದ್ದು ಅಪ್ಪ. ನಾನ್ ಸುಮ್ನಿದ್ದೆ ಅಷ್ಟೇ. ನನ್ ಮದುವೆಗೆ ಎರಡೇ ತಿಂಗಳಿತ್ತು. ನಿನ್ ಮದುವೆಗೆ ಇನ್ನೂ ಇಪ್ಪತ್ತು ವರ್ಷ ಟೈಮ್ ಇತ್ತಲ್ಲಮ್ಮ."

ಈ ಲಾಜಿಕ್ಕಿಗೆ ನೀವೇ ಉತ್ತರ ಹೇಳಿ. ಸುಪ್ರೀಂ ಕೋರ್ಟೂ ಒಪ್ಪುತ್ತದೆ.

ಸಿಟ್ಟು ಬಂತು, ಸುಳ್ಳು ಹೇಳಲ್ಲ. ನಾನು ಚಿಕ್ಕವಳಿದ್ದಾಗ, ತಾತ ಗೂಡು ಬಿಡಿಸಿ ಮಾರಿದ ಸುದ್ದಿ ಬರುವವರೆಗೂ ಅಮ್ಮ ನನ್ನನ್ನು ಎತ್ತಿಕೊಂಡು ತವರಿಗೆ ಹೋಗುತ್ತಿರಲಿಲ್ಲ. ಯಾಕೆ ಅಂತ ನನಗೂ ಗೊತ್ತಿತ್ತು. ಐದಾರು ವರ್ಷದ ಹುಡುಗಿಗೆ ಅದು ಗೊತ್ತಿರಬಾರದಿತ್ತು. ಏನೋ ಗಟ್ಟಿಯಾಗಿ ಅನ್ನಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ ತಂಗಿಯ ಪಕ್ಕ ಹೋಗಿ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಅಮ್ಮ ಕೇಳಿದ್ದೇ ಬೇರೆ. "ಅಂದ್ರೆ ಅವತ್ತು ನನ್ ಮಗೂಗೆ ಒಂದು ಸೊಳ್ಳೇನೂ ಕಚ್ಲಿಲ್ಲ ಅಲ್ವಾ?"

"ಒಂದೂ ಇಲ್ಲ ಕಣಕ್ಕ. ಪಕ್ಕದಲ್ಲೇ ಕೂತು ಕಾದೆ. ಹಿಂದಿನ ದಿನ ಕೆನ್ನೆ ಮೇಲೆ ಎರಡು ಗುಳ್ಳೆ ಎದ್ದಿತ್ತು. ನಂಗೆ ನೋಡಕ್ಕಾಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅತ್ತುಬಿಟ್ಟೆ. ಅತ್ತುಕೊಂಡೇ ನಕ್ಕೆ. ಹುಳದ ಮನೆಯ ಬಾಗಿಲಲ್ಲಿ ನಾಲ್ಕು ಜನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಗಾಡಿ ಡ್ರೈವರ್ ದೂರ ಹೋಗಿ ನಿಂತ.

ನೋಡಿ, ಕಥೆಯಲ್ಲಿ ಏನೂ ಬದಲಾಗಿಲ್ಲ. ನಾನು ಹುಟ್ಟಿದ್ದು ನಿಜ, ಹುಳ ಸತ್ತಿದ್ದೂ ನಿಜ. ಕನ್ನಡಿ ಮುಂದೆ ನಿಂತು ಹೊಸದೇನೂ ಬರೆಯಬೇಕಾಗಿರಲಿಲ್ಲ, ಬಿಟ್ಟುಹೋಗಿದ್ದ ಒಂದು ಸೊಳ್ಳೆಬತ್ತಿ ಸೇರಿಸಿದ್ದಷ್ಟೇ. ಮೊನ್ನೆವರೆಗೂ ಅದು ಮನೆಗೆ ಅನಿಷ್ಟ ತಂದ ಮಗುವಿನ ಕಥೆ. ಈಗ ಅದೇ ಕಥೆ, ಎರಡು ಗುಳ್ಳೆ ನೋಡಲಾರದೆ ಯಾರೋ ಪಕ್ಕದಲ್ಲಿ ಕಾದು ಕೂತಿದ್ದ ಮಗುವಿನದು. ಅಷ್ಟು ಪ್ರೀತಿ ನನ್ನ ಪಕ್ಕದಲ್ಲೇ ಹೊಗೆಯಾಡುತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ತಾತನ ಮೇಲೂ ಈಗ ಸಿಟ್ಟಿಲ್ಲ. ಆ ವಾರ ಮನೆಗೆ ಹೊಸದಾಗಿ ಬಂದಿದ್ದು ಎರಡೇ, ನಾನು ಮತ್ತು ಸೊಳ್ಳೆಬತ್ತಿ. ಪಾಪ, ಅವರಿಗೆ ಕಂಡಿದ್ದು ಒಂದೇ.

ಮಲ್ಲಿಗೆ ತೆಗೆದೆ. ಪೌಡರ್ ಅಳುವಿನಲ್ಲೇ ತೊಳೆದುಹೋಗಿತ್ತು. ಟ್ರೇ ಎತ್ತಿಕೊಂಡು ಬಲಗಾಲಿಟ್ಟು ಒಳಗೆ ಹೋದೆ. ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂದೆ.

ಭಾನುವಾರ ಚಿಕ್ಕಮ್ಮನನ್ನೂ ಕರೆದುಕೊಂಡು ವಿದುರಾಶ್ವತ್ಥಕ್ಕೆ ಹೋದೆ. ಹಾಲೆರೆದು ಕೈಮುಗಿದರೆ ಕೇಳಲು ಏನೂ ಇಲ್ಲ. ಇಷ್ಟು ವರ್ಷ ದೇವರು ಯಾಕೆ ಸುಮ್ಮನಿದ್ದ ಅಂತ ಆಗ ಹೊಳೆಯಿತು. ಕೆಡದೇ ಇರುವುದನ್ನು ರಿಪೇರಿ ಮಾಡು ಅಂದರೆ ಪಾಪ ಅವನಾದರೂ ಏನು ಮಾಡಿಯಾನು? ಬೇಡಿಕೆಯಿಲ್ಲದೆ ಸುಮ್ಮನೆ ನಿಂತೆ. ದೇವರು ಇಷ್ಟು ಹತ್ತಿರ ಇದ್ದಾನೆ ಅಂತ ನನಗೆ ಅನ್ನಿಸಿದ್ದು ಅದೇ ಮೊದಲು. ಪಕ್ಕದಲ್ಲಿ ಚಿಕ್ಕಮ್ಮ ಕಣ್ಣುಮುಚ್ಚಿ ಬಹಳ ಹೊತ್ತು ಏನೋ ಕೇಳಿಕೊಳ್ಳುತ್ತಿದ್ದರು. (ನಲವತ್ತು ಸಾವಿರ ಸಲ ಕ್ಷಮೆ ಇರಬೇಕು.)

ಚೈತ್ರಳ ಬೆಳೆ ಹೇಗಿದೆ ಅಂತೀರಾ? ನಾನು ಇದನ್ನು ಬರೆಯುವ ಹೊತ್ತಿಗೆ ಹುಳಗಳು ಮೂರನೇ ಜ್ವರಕ್ಕೆ ಕೂತಿವೆ. ಚೆನ್ನಾಗಾದರೆ ಅವಳ ಕೈಗುಣ, ಕೆಟ್ಟರೆ ಹವಾಮಾನ. ಎರಡಕ್ಕೂ ನಾನು ಜವಾಬ್ದಾರಳಲ್ಲ.

ನಿಮ್ಮ ಮನೆಯಲ್ಲೂ ನಿಮ್ಮ ಬಗ್ಗೆ ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ಒಂದು ಸಲ ವಿಚಾರಿಸಿ ನೋಡಿ, ಅವತ್ತು ಬೆಂಕಿಪೊಟ್ಟಣ ಯಾರ ಕೈಯಲ್ಲಿತ್ತು?