ಕುಂಕುಮ ಹಚ್ಚಿಸಿಕೊಂಡ ಶಾಕಪ್ಸರ್

ನನ್ನ ಸೈಕಲ್ಲಿನ ಮುಂದಿನ, ಕುಲುಕಾಟ ತಡೆಯುವ ಸ್ಪ್ರಿಂಗಿನ ಶಾಕಪ್ಸರ್ ಫೋರ್ಕನ್ನು ಬಿಚ್ಚಿ ತಲೆಕೆಳಗು ಮಾಡಿದಾಗ ಒಳಗಿಂದ ತುಕ್ಕಿನ ಕೆಂಪು ನೀರು ಸುರಿಯಿತು. ಹಾನುಬಾಳಿನಲ್ಲಿ ಸೈಕಲ್ ರಿಪೇರಿ ಮಾಡುವ ರಾಜಣ್ಣ ಅದನ್ನು ನೆಲಕ್ಕೂರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ನಾನು ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯಲು ದಿನಾ ಕಲ್ಲುದಾರಿಯಲ್ಲಿ ಅವರ ಮನೆಸಾಲಿಗೆ, ಲೈನಿಗೆ, ಹೋಗಬೇಕು. ಮಣಿಕಟ್ಟು ವಿಪರೀತ ನೋಯುತ್ತದೆ, ಶಾಕಪ್ಸರ್ ಸ್ವಲ್ಪ ನೋಡಿ ಎಂದು ಹೋದವನಿಗೆ, ಅದನ್ನು ತೆಗೆದು ಸಾದಾ ಫೋರ್ಕ್ ಹಾಕೋಣ ಎಂದಿದ್ದರು. ನನಗೆ ಗಾಬರಿ.

“ಅದು ಇದ್ದೇ ಇಷ್ಟು ನೋಯ್ತೈತೆ. ತೆಗೆದ್ರೆ ನನ್ ಗತಿ?” ಎಂದೆ.

“ರೈಟ್ರೇ, ಇದು ಯಾವತ್ತೋ ಕಚ್ಕಂಡ್‌ಬುಟ್ಟೈತೆ. ಇಷ್ಟು ದಿನ ಶಾಕಪ್ಸರ್ ಆಗಿದ್ದು ನಿಮ್ ಕೈಯೇ ಕಣ್ರೀ.”

ಪ್ರತಿ ಆಯುಧಪೂಜೆಗೂ ನಾನು ಮೊದಲು ಕುಂಕುಮ ಹಚ್ಚುತ್ತಿದ್ದುದು ಆ ಶಾಕಪ್ಸರಿಗೇ.

ಸಾದಾ ಫೋರ್ಕಿನಲ್ಲಿಯೂ ಅದೇ ಕುಲುಕಾಟ, ಅದೇ ನೋವು, ಹೆಚ್ಚೇನೂ ಆಗಿಲ್ಲ. ಆದರೆ ಪೆಟ್ಟು ತಡೆಯಲು ಮುಂದೆ ಇನ್ನೇನೋ ಇದೆ ಎಂಬ ಧೈರ್ಯವನ್ನು ಆ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಈಗ ಕಲ್ಲು ಬಂದಲ್ಲಿ ಇಳಿದು ಸೈಕಲ್ ತಳ್ಳುತ್ತೇನೆ.