ಬಾಗಿಲಿಗೆ ಹಚ್ಚಿದ ಮುಳ್ಳು

ಟಣ್ ಎಂದು ಒಮ್ಮೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ, ತಗಡು ಸದ್ದು ಮಾಡಿತು. ಬಿಸಿಲೇರಿ ಷೆಡ್ಡಿನ ತಗಡು ಹಿಗ್ಗುವ ಹೊತ್ತಿಗೆ ದಿನವೂ ಹೀಗೆಯೇ, ಯಾರೋ ಮೇಲೆ ಕೂತು ಬೆರಳಿನ ಗೆಣ್ಣಿನಿಂದ ಬಡಿದಂತೆ. ಆ ಸದ್ದು ಕೇಳಿದ ಮೇಲೆ ಸೋಮವ್ವ ಒಳಗೆ ಇರುತ್ತಿರಲಿಲ್ಲ. ನೀರಿನ ತಂಬಿಗೆ ಹಿಡಿದು ಹೊರಗೆ ಬಂದು, ಬೇವಿನ ಮರದ ಕೆಳಗೆ ಒಟ್ಟಿದ್ದ ಹಳೇ ಮನೆಯ ತೊಲೆಗಳ ಮೇಲೆ ಕೂರುತ್ತಿದ್ದಳು. ಅಲ್ಲಿಂದ ಎದುರಿಗೇ ಅವಳ ಹೊಸ ಮನೆ ಕಾಣುತ್ತಿತ್ತು.

ಹೊಸ ಮನೆ ಎಂದರೆ ಕಲ್ಲಿನ ಪಾಯ, ಪಾಯದ ಮೇಲೆ ಒಂದು ಬಾಗಿಲ ಚೌಕಟ್ಟು. ಗೋಡೆ ಇರಲಿಲ್ಲ, ಮಾಡು ಇರಲಿಲ್ಲ. ಎರಡು ಕಡೆ ಕಟ್ಟಿಗೆಯ ಊರುಗೋಲು ಕೊಟ್ಟು ನಿಲ್ಲಿಸಿದ್ದ ಆ ಚೌಕಟ್ಟಿನ ಒಳಗಿಂದ ನೋಡಿದರೆ ಹೂಲಿಯ ಗುಡ್ಡ ಪೂರ್ತಿ ಕಾಣುತ್ತಿತ್ತು. ಹೊರಗಿಂದ ನೋಡಿದರೂ ಅಷ್ಟೇ ಕಾಣುತ್ತಿತ್ತು.

ಮಸಾರಹಟ್ಟಿ ಆ ಗುಡ್ಡದ ಮಗ್ಗುಲಿನ ಸಣ್ಣ ಊರು. ಸೋಮವ್ವ ನೇಸರಗಿ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದಾಗ ಆ ಚೌಕಟ್ಟು ಮಣ್ಣಿನ ಮಾಳಿಗೆ ಮನೆಯೊಂದರ ತಲೆಬಾಗಿಲಾಗಿತ್ತು. ಜಾಲಿಮರದ್ದು, ಮಾವ ತಾನೇ ಮರ ಆರಿಸಿ ಕಡಿಸಿದ್ದು. ಅದು ಗಿಡ್ಡ ಬಾಗಿಲು. ಮೊದಲ ದಿನ ಸೇರಕ್ಕಿ ಒದ್ದು ಒಳಗೆ ಬರುವಾಗ ಹಣೆ ಬಡಿದು ಬಾಸಿಂಗ ಮುರಿದಿತ್ತು, ಹೆಂಗಸರೆಲ್ಲ ನಕ್ಕಿದ್ದರು. ಗಂಡ ಶಟ್ಟೆಪ್ಪ ತೀರಿಕೊಂಡ ಮೇಲೂ ಪ್ರತಿ ಬೇಸಿಗೆ ಅವಳೇ ಮಾಳಿಗೆ ಹತ್ತಿ ಮೇಲುಮಣ್ಣು ಹಾಕುತ್ತಿದ್ದಳು. ಮಗ ಬಸವಲಿಂಗ ಬೆಳೆದ, ರಾಜೇಶ್ವರಿ ಸೊಸೆಯಾಗಿ ಬಂದಳು. ಅವಳ ಹಣೆಗೂ ಚೌಕಟ್ಟು ಬಡಿಯಿತು.

ಸರ್ಕಾರದ ಮನೆ ಮಂಜೂರಾದಾಗ ಹಳೇ ಮನೆ ಕೆಡವಬೇಕು, ಖಾಲಿ ಜಾಗದ ಫೋಟೋ ಕೊಡಬೇಕು ಎಂದರು. ಕೆಡವಿದರು. ಪಾಯದ ಕಂತು ಬಂತು. ಪಾಯ ತುಂಬಿದ ಮರುದಿನವೇ ಸೋಮವ್ವ ಒಳ್ಳೆಯ ಮುಹೂರ್ತ ಕೇಳಿ ಚೌಕಟ್ಟು ನಿಲ್ಲಿಸಿಬಿಟ್ಟಳು. ಬಾಗಿಲು ನಿಲ್ಲಿಸಿದ ಮೇಲೆ ಮನೆ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ಅರಿಷಿಣ ಕುಂಕುಮ ಹಚ್ಚಿ, ಮಾವಿನ ತೊಂಗಲು ಕಟ್ಟಿ, ಹಸಿರು ಬಳೆ ಏರಿಸಿದ್ದಳು. ಗೋಡೆಯ ಕಂತು ಮಾತ್ರ ಬರಲಿಲ್ಲ. ಗೋಡೆ ಏಳುವವರೆಗೆ ಎಂದು ಹಾಕಿಕೊಂಡ ತಗಡಿನ ಷೆಡ್ಡು ಹಾಗೆಯೇ ಉಳಿಯಿತು.

ಸವದತ್ತಿಯ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಗುರುನಾಥ ಅವಳ ಬದುಕಿನೊಳಗೆ ಬಂದದ್ದು ಆಗ. ಅವನು ಶಾಸಕರೊಬ್ಬರ ಹಿಂದೆ ಓಡಾಡುವವನು. ಶಾಸಕರು ವಿರೋಧ ಪಕ್ಷದವರು. ಅವರ ಮಾತಿಗೆ ಕಚೇರಿಗಳಲ್ಲಿ ಕುರ್ಚಿ ಸಿಗುತ್ತಿತ್ತು, ಕೆಲಸ ಆಗುತ್ತಿರಲಿಲ್ಲ. ಆದರೆ ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವುದರಲ್ಲಿ ಅವರದು ಎತ್ತಿದ ಕೈ. ಆ ಪ್ರಶ್ನೆಗಳಿಗೆ ಬೇಕಾದ ಸಂಗತಿಗಳನ್ನು ಊರೂರು ಅಲೆದು ತರುವವನು ಗುರುನಾಥ. ಅದಕ್ಕೆ ಅವನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ತಾನು ತಂದದ್ದು ಸಭೆಯ ಕಾಗದದಲ್ಲಿ ಅಚ್ಚಾಗಿ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಿದ್ದ, ಅಷ್ಟೇ ಅವನ ಗಳಿಕೆ.

ಹೋದ ದಸರೆಯ ಹೊತ್ತಿಗೆ ಅವನು ಮಸಾರಹಟ್ಟಿಗೆ ಬಂದಾಗ ಸೋಮವ್ವ ಕಬ್ಬಿನ ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ಹೊರಡುವ ತಯಾರಿಯಲ್ಲಿದ್ದಳು. ವರ್ಷವೂ ಹೋಗುವುದೇ. ಹೋಳಿ ಹುಣ್ಣಿಮೆಯ ಆಸುಪಾಸಿಗೆ ಕಾರ್ಖಾನೆ ನಿಲ್ಲುತ್ತದೆ, ಜನ ಮರಳುತ್ತಾರೆ. ಗುರುನಾಥ ಎಲ್ಲ ಕೇಳಿದ. ಮನೆ ಆಗಿದ್ದರೆ ಹೋಗುತ್ತಿದ್ದಿರಾ ಎಂದೂ ಕೇಳಿದ. ಸೋಮವ್ವ ಸುಮ್ಮನೆ, ಮನೆ ಇದ್ದಿದ್ದರೆ ಸೊಸೆಯನ್ನಾದರೂ ಇಲ್ಲೇ ಬಿಟ್ಟು ಹೋಗುತ್ತಿದ್ದೆ ಅಂದಳು. ಆ ಮಾತು ಗುರುನಾಥನ ಮನಸ್ಸಿಗೆ ನಾಟಿತು. ಮನೆ ಇಲ್ಲದ್ದಕ್ಕೇ ಜನ ಊರು ಬಿಡುತ್ತಿದ್ದಾರೆ ಎಂದು ಬರೆದರೆ ಪ್ರಶ್ನೆಗೆ ತೂಕ ಬರುತ್ತದೆ ಎಂದುಕೊಂಡ. ಬೈಕ್ ಹತ್ತುವ ಮೊದಲು ಪಂಚಾಯ್ತಿಯಲ್ಲಿ ಖಾಲಿ ಬಿದ್ದ ಹುದ್ದೆಗಳನ್ನೂ ವಿಚಾರಿಸಿಕೊಂಡ. ಈ ಊರಿಗೆ ಕಾಯಂ ಅಭಿವೃದ್ಧಿ ಅಧಿಕಾರಿ ಇಲ್ಲದೆ ಬಹಳ ಕಾಲವಾಗಿತ್ತು. ಯಾವುದೋ ಊರಿನವರು ಚಾರ್ಜಿನ ಮೇಲೆ ಬಂದು ಸಹಿ ಮಾಡಿ ಹೋಗುತ್ತಿದ್ದರು.

ಗ್ಯಾಂಗಿನ ಟ್ರ್ಯಾಕ್ಟರ್ ಬಂದ ದಿನ ಸೋಮವ್ವ ಕೆರೆಯ ದಂಡೆಗೆ ಹೋಗಿ ಜಾಲಿಯ ಟೊಂಗೆ ಕಡಿದು ತಂದಳು. ದುಡಿಯಲು ಹೋಗುವವರು ಬಾಗಿಲಿಗೆ ಮುಳ್ಳು ಹಚ್ಚಿ ಹೋಗುವುದು ಈ ಸೀಮೆಯ ರೂಢಿ. ಮುಳ್ಳಿದ್ದ ಮನೆಯವರು ಬರುವವರು. ಆ ಮನೆಯ ಅಂಗಳದ ಒಂದು ಕಟ್ಟಿಗೆಯನ್ನೂ ಯಾರೂ ಮುಟ್ಟುವುದಿಲ್ಲ. ಊರನ್ನೇ ಬಿಟ್ಟು ಹೋಗುವವರು ಮುಳ್ಳು ಹಚ್ಚುವುದಿಲ್ಲ, ಬಾಗಿಲು ತೆರೆದು ಹೋಗುತ್ತಾರೆ. ಸೋಮವ್ವ ಷೆಡ್ಡಿಗೆ ಬೀಗ ಹಾಕಿ, ಮುಳ್ಳನ್ನು ತಂದು ಪಾಯದ ಮೇಲಿನ ಚೌಕಟ್ಟಿಗೆ ಕಟ್ಟಿದಳು. ಟ್ರ್ಯಾಕ್ಟರಿನ ಮೇಲಿಂದ ಗ್ಯಾಂಗಿನ ಮಡಿವಾಳೆಪ್ಪ ಕೂಗಿದ.

“ಯವ್ವಾ, ಗ್ವಾಡೀನ ಇಲ್ಲ, ನಾಯಿ ಬಾಗಲದಾಗಿಂದ ಬರತೈತೇನ?”

“ನಾಯಿಗಲ್ಲೋ, ಮಂದಿಗೆ,” ಅಂದಳು ಸೋಮವ್ವ.

ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಕೂಡಿತು. ಒಂದು ಮಧ್ಯಾಹ್ನ ಕಬ್ಬಿನ ಹೊಲದಲ್ಲಿ ಬಸವಲಿಂಗನ ಫೋನು ಬಾರಿಸಿತು. ಗುರುನಾಥ ಆ ಕಡೆಯಿಂದ ಏದುಸಿರು ಬಿಡುತ್ತಿದ್ದ. ನಿಮ್ಮವ್ವನ ಹೆಸರು ಸಭೆಯ ಕಾಗದದಲ್ಲಿ ಬಂದಿದೆ, ಮಂತ್ರಿಗಳು ಉತ್ತರ ಕೊಟ್ಟಿದ್ದಾರೆ ಅಂದ. ಪೂರ್ತಿ ಓದಿರಲಿಲ್ಲ, ಹೆಸರು ಕಂಡವನೇ ಫೋನು ಹಚ್ಚಿದ್ದ. ಗ್ಯಾಂಗಿನವರು ಕುಡಗೋಲು ಕೆಳಗಿಟ್ಟು ನಗತೊಡಗಿದರು. ಸೋಮವ್ವ ಗಾಣದ ಮನೆಯಿಂದ ಬಿಸಿ ಬೆಲ್ಲ ತರಿಸಿ ಎಲ್ಲರಿಗೂ ಹಂಚಬೇಕಾಯಿತು. ಹೋಳಿಯವರೆಗೂ ಅವಳನ್ನು ಅಸೆಂಬ್ಲಿ ಸೋಮವ್ವ ಎಂದೇ ಕರೆದರು. ರಾತ್ರಿ ಮಲಗುವಾಗ ಅವಳು ಸೊಸೆಗೆ ಪಡಸಾಲೆ ಎಷ್ಟು ಅಗಲ ಇರಬೇಕು, ಒಲೆ ಯಾವ ಮೂಲೆಗೆ ಎಂದು ಹೇಳುತ್ತಿದ್ದಳು. ಚೌಕಟ್ಟನ್ನು ಸ್ವಲ್ಪ ಎತ್ತರಿಸೋಣ, ಮೊಮ್ಮಕ್ಕಳ ಹೆಂಡಂದಿರಿಗೆ ಬಡಿಯಬಾರದು ಅಂದಳು. ರಾಜೇಶ್ವರಿ ಇನ್ನೂ ಬಸುರಿಯೂ ಆಗಿರಲಿಲ್ಲ.

ಹೋಳಿ ಮುಗಿಸಿ ಊರಿಗೆ ಬಂದು ಮುಳ್ಳು ತೆಗೆದರು. ಮಾರನೆಯ ದಿನ ಸೋಮವ್ವ ಪಂಚಾಯ್ತಿಗೆ ಹೋದಳು.

ಅಲ್ಲಿ ಈಗ ಚಾರ್ಜಿನ ಮೇಲೆ ಶ್ರೀಶೈಲ ಎಂಬ ರಾಮದುರ್ಗದ ಹುಡುಗ ಇದ್ದ. ಬೇರೆ ಪಂಚಾಯ್ತಿಗಳನ್ನೂ ನೋಡಿಕೊಳ್ಳಬೇಕಿದ್ದುದರಿಂದ ಮಂಗಳವಾರ ಮಾತ್ರ ಸಿಗುತ್ತಿದ್ದ. ಮುಖ ನೋಡಿದರೆ ಸದಾ ಊಟ ತಪ್ಪಿದವನಂತೆ ಇರುತ್ತಿದ್ದ. ಅವಳ ಹೆಸರು ಕೇಳಿದೊಡನೆ ಎದ್ದು ಕುರ್ಚಿ ಕೊಟ್ಟ. ಆಮೇಲೆ ಮೆಲ್ಲಗೆ, ಅವಳ ಮನೆ ರದ್ದಾಗಿದೆ ಎಂದು ಹೇಳಿದ.

ಆದದ್ದು ಇಷ್ಟು. ಶಾಸಕರ ಪ್ರಶ್ನೆ ಕಚೇರಿಯಿಂದ ಕಚೇರಿಗೆ ಇಳಿದು ಪಂಚಾಯ್ತಿಗೆ ಬಂದಾಗ, ಸಂಜೆಯೊಳಗೆ ಉತ್ತರ ಕಳಿಸಬೇಕು ಎಂದು ಮೇಲಿನಿಂದ ಒತ್ತಡ. ಆಗ ಚಾರ್ಜಿನಲ್ಲಿದ್ದವರು ಬಹಳ ದೂರದ ಊರಿನವರು. ಮಸಾರಹಟ್ಟಿಗೆ ಓಡಿಬಂದರು. ಊರಲ್ಲಿ ಎಲ್ಲರೂ ಹೊಲಕ್ಕೆ ಹೋಗಿದ್ದರು. ಪಕ್ಕದ ಮನೆಯ ಜೈಬುನ್ನಿಸಾ ಕಣ್ಣು ತೋರಿಸಲು ಸವದತ್ತಿಗೆ ಹೋಗಿದ್ದಳು. ಬಯಲಿನಲ್ಲಿ ನಿಂತ ಬಾಗಿಲು, ಬಾಗಿಲ ತುಂಬ ಮುಳ್ಳು. ಫೋಟೋ ಹೊಡೆದುಕೊಂಡರು. ಕೈಯಲ್ಲಿದ್ದ ಪ್ರಶ್ನೆಯಲ್ಲೇ, ಮನೆಗಳು ಅಪೂರ್ಣವಾಗಿರುವುದರಿಂದ ಫಲಾನುಭವಿಗಳು ವಲಸೆ ಹೋಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದಿತ್ತು. ಬಂದಿದೆ ಎಂದು ಬರೆದರು. ಕಾಯಂ ವಲಸೆ ಹೋದವರ ಮನೆಗಳನ್ನು ರದ್ದುಪಡಿಸಲಾಗಿದೆ, ಹೆಸರುಗಳು ಅನುಬಂಧದಲ್ಲಿವೆ. ಮಸಾರಹಟ್ಟಿಯಲ್ಲಿ ಬಾಕಿ ಮನೆ ಇಲ್ಲ. ಖಾಲಿ ಹುದ್ದೆಗಳ ಭರ್ತಿಗೆ ಕ್ರಮ ವಹಿಸಲಾಗುತ್ತಿದೆ.

ಶ್ರೀಶೈಲ ಕಂಪ್ಯೂಟರ್ ತಿರುಗಿಸಿ ಆ ಫೋಟೋ ತೋರಿಸಿದ. ಸೋಮವ್ವ ಬಗ್ಗಿ ನೋಡಿದಳು. ತಾನು ಕಟ್ಟಿದ ಗಂಟು ಕೂಡ ಕಾಣುತ್ತಿತ್ತು.

“ಮುಳ್ಳ ಐತಲ್ಲೋ ಯಪ್ಪಾ,” ಅಂದಳು. “ಮುಳ್ಳ ಕಂಡೂ ಹೋಗ್ಯಾರ ಅಂತ ಹ್ಯಾಂಗ ಬರದ್ರು?”

“ನಮ್ಮ ರಾಮದುರ್ಗದ ಕಡೇನೂ ಹಚ್ಚತಾರ್ರಿ ಯವ್ವಾ. ನನಗ ಗೊತ್ತೈತಿ. ಅವರಿಗೆ ಗೊತ್ತಿರಲಿಲ್ಲ.”

“ಈಗ ನಾ ಇಲ್ಲೇ ನಿನ್ನ ಮುಂದ ಕುಂತೇನಲ್ಲ. ತಿದ್ದು.”

ಶ್ರೀಶೈಲ ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. “ಬರೇ ನಮ್ಮ ಕಾಗದ ಆಗಿದ್ರ ತಿದ್ದತಿದ್ದೆ. ಇದು ಸಭಾದಾಗ ಹೇಳಿದ ಉತ್ತರ. ನಾ ಇಲ್ಲಿಂದ ಈಕಿ ಇದ್ದಾಳ ಅಂತ ಬರದ್ರ ಮಂತ್ರಿಗಳು ಸುಳ್ಳ ಹೇಳಿದಂಗ ಆಕ್ಕತಿ. ಅದನ್ನ ಮ್ಯಾಲ ಒಬ್ಬರೂ ಮುಟ್ಟೂದಿಲ್ರಿ.” ಹಾಗೆಂದು ಅವಳಿಗೆ ಚಹಾ ತರಿಸಿದ. ಅವಳು ಮುಂದಿನ ಮಂಗಳವಾರಗಳೂ ಹೋದಳು. ಪ್ರತಿ ಸಲ ಚಹಾ ಬರುತ್ತಿತ್ತು. ಅವನು ಎರಡು ಸಲ ಮೇಲಕ್ಕೆ ಬರೆದ. ಸಭೆಗೆ ಉತ್ತರಿಸಲಾಗಿದೆ, ವಿಷಯ ಮುಕ್ತಾಯವಾಗಿದೆ ಎಂದು ತಿರುಗಿ ಬಂತು. ಮಳೆಗಾಲ ಮುಗಿಯುವುದರೊಳಗೆ ಹೆಸರು ಮರಳದಿದ್ದರೆ ಆ ಮನೆ ಮುಂದಿನವರ ಪಾಲಾಗುತ್ತದೆ ಎಂದೂ ಅವನೇ ಹೇಳಿದ. ಹೇಳಿ, ತಾನೇ ತಪ್ಪು ಮಾಡಿದವನಂತೆ ಕಿಟಕಿಯ ಕಡೆ ನೋಡಿದ.

ಊರಲ್ಲಿ ಸುದ್ದಿ ತಿಳಿದಾಗ ಜೈಬುನ್ನಿಸಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು ತೊಲೆಗಳ ಮೇಲೆ ಕೂತಳು. ಆ ಒಂದು ದಿನ ತಾನು ಸವದತ್ತಿಗೆ ಹೋಗಬಾರದಿತ್ತು ಎಂದು ಹಲುಬಿದಳು. ಅತ್ತು ಮುಗಿದ ಮೇಲೆ ಅವಳ ಎಂದಿನ ನಾಲಿಗೆ ಮರಳಿತು. “ಮಂತ್ರಿ ಬಾಯಾಗ ಹೆಸರ ಬಂದ್ರ ಮನಿ ಬರತೈತಿ ಅಂದಿದ್ದಿ ಸೋಮಕ್ಕಾ. ಹೆಸರ ಬಂತು, ಮನಿ ಹೋತು.” ಇಬ್ಬರೂ ನಕ್ಕರು.

ಯುಗಾದಿ ಕಳೆದ ಮೇಲೆ ಬಸವಲಿಂಗ ಹೆಂಡತಿಯನ್ನು ಕರೆದುಕೊಂಡು ಮತ್ತೆ ಕೊಲ್ಲಾಪುರದ ಕಡೆಗೇ ಹೋದ. ಅಲ್ಲಿನ ತೋಟದ ಯಜಮಾನರು ವರ್ಷಪೂರ್ತಿ ಕೆಲಸ ಕೊಡುತ್ತೇನೆ, ಇರಲು ಒಂದು ಕೋಣೆಯನ್ನೂ ಕೊಡುತ್ತೇನೆ ಅಂದಿದ್ದರು. ತಗಡಿನ ಕೆಳಗೆ ರಾಜೇಶ್ವರಿಗೆ ತಲೆ ಸುತ್ತುತ್ತಿತ್ತು. ಈಗ ಅವಳು ನಿಜವಾಗಿಯೂ ಬಸುರಿಯಾಗಿದ್ದಳು. ಸೋಮವ್ವ ಹೋಗಲಿಲ್ಲ. ಮಂಗಳವಾರ ಪಂಚಾಯ್ತಿಗೆ ಯಾರು ಹೋಗಬೇಕು? ನಿನ್ನೆ ಸಂಜೆ ಮಗ ಫೋನು ಮಾಡಿದ್ದ. ಸೊಸೆಯ ಕಾಲು ಬಾತಿವೆ, ನೋಡಿಕೊಳ್ಳುವವರಿಲ್ಲ ಅಂದ. ಆಮೇಲೆ, ಅವಳನ್ನು ನಗಿಸಲೆಂದೇ ಇರಬೇಕು, “ಕಾಗದದಾಗ ಹ್ಯಾಂಗೂ ನಾವು ಊರ ಬಿಟ್ಟ ಇಲ್ಲೇ ಅದೇವಿ ಯವ್ವಾ, ಬಂದಬಿಡು,” ಅಂದಿದ್ದ.

ಅವಳು ನಕ್ಕಿರಲಿಲ್ಲ. ರಾತ್ರಿಯೆಲ್ಲ ಆ ಮಾತು ಅವಳ ಕಿವಿಯಲ್ಲಿ ಇತ್ತು.

ಬೈಕಿನ ಸದ್ದಾಯಿತು. ಗುರುನಾಥ ಬಂದ. ಅವನೂ ಈ ತಿಂಗಳುಗಳಲ್ಲಿ ಇಳಿದುಹೋಗಿದ್ದ. ಮೊದಲ ಸಲ ಪೂರ್ತಿ ಉತ್ತರ ಓದಿ ತಿಳಿದ ದಿನ ಅವನು ಇದೇ ತೊಲೆಗಳ ಮುಂದೆ ನೆಲದ ಮೇಲೆ ಕುಳಿತುಬಿಟ್ಟಿದ್ದ. ಸೋಮವ್ವ ಅವನಿಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನು ಆಮೇಲೆ ಜೈಬುನ್ನಿಸಾಳ ಹತ್ತಿರ ಹೇಳಿಕೊಂಡಿದ್ದನಂತೆ.

ಇವತ್ತು ಅವನ ಮುಖದಲ್ಲಿ ಸ್ವಲ್ಪ ಕಳೆ ಇತ್ತು. ಬೆಂಗಳೂರಿನಲ್ಲಿ ಮಳೆಗಾಲದ ಅಧಿವೇಶನ ಕೂಡುತ್ತದೆ, ಸಾಹೇಬರು ಇನ್ನೊಂದು ಪ್ರಶ್ನೆ ಹಾಕಲು ಒಪ್ಪಿದ್ದಾರೆ, ನಾನೇ ಬರೆದು ತಂದಿದ್ದೇನೆ ಎಂದ. ತಂಬಿಗೆಯಿಂದ ನೀರು ಕುಡಿದು, ಅವಳ ಎದುರಿನ ಕಲ್ಲಿನ ಮೇಲೆ ಕುಳಿತು ಕಾಗದ ಬಿಚ್ಚಿದ.

“ಒಂದ ಮಾತ ಮಾತ್ರ ನೆಪ್ಪಿಡ್ರಿ ಸೋಮವ್ವಾರ. ಈ ಸಲ ಅವರು ನೋಡಾಕ ಬಂದಾಗ ನೀವು ಇಲ್ಲೇ ಇರಬೇಕು. ಯಾವತ್ತ ಬರತಾರೋ ಗೊತ್ತಿಲ್ಲ. ದಸರಾದ ತನಕ ಊರ ಬಿಟ್ಟ ಕದಲಬ್ಯಾಡ್ರಿ.”

“ಸೊಸಿ ಬಸರ್ಯದಾಳ,” ಅಂದಳು ಸೋಮವ್ವ. “ಕಾಲ ಬಾತಾವಂತ.”

“ಗೊತ್ತಾತ್ರಿ. ಆದ್ರ ನೀವು ಹ್ವಾದ್ರ ಅವರು ಬರದದ್ದು ಖರೇ ಆಕ್ಕತಲ್ರಿ.”

ತಗಡು ಮತ್ತೆ ಟಣ್ ಎಂದಿತು. ಗುರುನಾಥ ಓದತೊಡಗಿದ. ಮಸಾರಹಟ್ಟಿ ಗ್ರಾಮದ ಫಲಾನುಭವಿಯು ಗ್ರಾಮದಲ್ಲಿಯೇ ವಾಸವಿರುವುದು ನಿಜವೇ, ನಿಜವಿದ್ದಲ್ಲಿ ವಲಸೆ ಹೋಗಿರುವುದಾಗಿ ಉತ್ತರಿಸಿದ್ದಕ್ಕೆ ಕಾರಣಗಳೇನು. ಅವನ ದನಿ ಓದುತ್ತ ಓದುತ್ತ ಗಟ್ಟಿಯಾಯಿತು, ಅಲ್ಲೇ ಸಭೆ ಕೂಡಿದಂತೆ. ಸೋಮವ್ವ ಚೌಕಟ್ಟಿನ ಕಡೆ ನೋಡುತ್ತಿದ್ದಳು. ಓಣಿಯ ಕೆಂಚು ನಾಯಿಯೊಂದು ಪಾಯ ಹತ್ತಿ ಬಂತು. ನಾಲ್ಕೂ ಕಡೆ ಬಯಲಿದ್ದರೂ ಅದು ಚೌಕಟ್ಟಿನ ಹತ್ತಿರವೇ ಹೋಗಿ, ಹೊಸ್ತಿಲು ದಾಟಿ, ಒಳಗೆ ಒಂದು ಸುತ್ತು ಸುತ್ತಿ ಮಲಗಿತು.

ಸೋಮವ್ವ ಎದ್ದಳು. ಷೆಡ್ಡಿನ ಒಳಗೆ ಹೋಗಿ, ತಗಡಿಗೆ ಸಿಕ್ಕಿಸಿದ್ದ ಕುಡಗೋಲನ್ನು ತೆಗೆದುಕೊಂಡು ಹೊರಗೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಮೂರನೇದ್ದು ಕೇಳ್ರಿ, ಇದ ಬಾಳ ಮುಖ್ಯ ಐತಿ,” ಎನ್ನುತ್ತಿದ್ದ ಗುರುನಾಥ, ಕಾಗದದಿಂದ ತಲೆ ಎತ್ತದೆ. “ಮನಿ ಮರಳಿ ಮಂಜೂರ ಮಾಡಾಕ ಎಷ್ಟ ದಿವಸ ಬೇಕು ಅಂತ ಕೇಳೇನಿ. ಇಲ್ಲೆ ನಿಮ್ಮ ಪೂರ್ತಿ ಹೆಸರ ಹಾಕಲೇನು? ಸೋಮವ್ವ ಗಂಡ ಶಟ್ಟೆಪ್ಪ ಅಂತ... ಸೋಮವ್ವಾರ?”

ಅವಳು ಆಗಲೇ ಓಣಿಯ ತಿರುವು ದಾಟಿ, ಕೆರೆಯ ದಂಡೆಯ ಜಾಲಿಗಿಡಗಳ ಕಡೆ ಇಳಿಯುತ್ತಿದ್ದಳು.